ಮೊದಲ ತಂಬಿಗೆ ಸಕ್ರೆವ್ವನದು

ಬಹಳ ಹಿಂದೆ, ಈ ಕೋಟೆಯ ಕಲ್ಲಿಗೆ ಇನ್ನೂ ಪಾಚಿ ಹಿಡಿಯದಿದ್ದ ಕಾಲದಲ್ಲಿ, ಒಂದೂರಿತ್ತಂತೆ. ಯಾವ ಊರು ಅಂತ ಕೇಳಬೇಡಿ, ನಿಮ್ಮ ಕಾಲ ಕೆಳಗೇ ಇದೆ. ಕೊಡ ಕೆಳಗಿಡಿ, ಕೂತುಕೊಳ್ಳಿ. ನಳದಲ್ಲಿ ಗಾಳಿ ಬರುವುದಕ್ಕೇ ಇನ್ನೂ ಹೊತ್ತಿದೆ, ನೀರು ಆಮೇಲಿನ ಮಾತು. ನಿನ್ನೆ ನಮ್ಮ ಓಣಿಯ ಹೊಸ ಸೊಸೆ ನನ್ನನ್ನು ಕೇಳಿದಳು, ನೀರಿಗೆ ಇಷ್ಟು ತ್ರಾಸಿರುವಾಗ ಮೊದಲ ತಂಬಿಗೆಯನ್ನು ಯಾಕೆ ನೆಲಕ್ಕೆ ಚೆಲ್ಲುತ್ತೀರಿ ಅಂತ. ಕೇಳಿದ್ದು ತಪ್ಪಲ್ಲ. ಗೊತ್ತಿದ್ದೂ ಹೇಳದೇ ಹೋದರೆ ತಪ್ಪು ನನ್ನದಾಗುತ್ತದೆ.

ಆ ಊರಿಗೆ ಹೊಳೆ ಇರಲಿಲ್ಲವಂತೆ. ಬಾವಿ ತೋಡಿದಲ್ಲೆಲ್ಲ ಸವಳು ನೀರು. ಸಿಹಿನೀರು ಅಂದರೆ ಕೋಟೆಯಾಚೆಯ ಕೆರೆಯದು, ಅದು ಬಿಟ್ಟರೆ ಹರದಾರಿ ದೂರದಲ್ಲಿ ಒಂದು ಮೆಟ್ಟಿಲ ಬಾವಿಯದು. ಹಿರಿಯರು ಕೆರೆಯಿಂದ ಏಳು ಪೇಟೆಗೂ ನೆಲದೊಳಗೆ ಮಣ್ಣಿನ ಕೊಳವೆ ಹಾಕಿಸಿದರಂತೆ. ಒಂದೊಂದು ಕೊಳವೆ ಒಂದು ಮೊಳ ಉದ್ದ. ಒಂದು ಬಾಯಿ ಅಗಲ, ಇನ್ನೊಂದು ಬಾಯಿ ಕಿರಿದು. ಇದರ ಕಿರಿದಾದ ಬಾಯನ್ನು ಅದರ ಅಗಲ ಬಾಯಿಗೆ ಸೇರಿಸಿ, ಸುಣ್ಣಕ್ಕೆ ಬೆಲ್ಲದ ನೀರು ಕಲಸಿ ಮೆತ್ತುವುದು. ಆ ಗಾರೆ ಒಣಗಿತೆಂದರೆ ಕೊಳವೆಗಿಂತ ಗಟ್ಟಿ. ನಡುವಿನ ಒಂದು ಕೊಳವೆ ತೆಗೆಯಬೇಕೆಂದರೆ ಒಡೆದೇ ತೆಗೆಯಬೇಕು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಒಟ್ಟು ಒಂದು ಲಕ್ಷ ಕೊಳವೆ ಇದ್ದವು ಅನ್ನುತ್ತಾರೆ. ನನ್ನ ಅಜ್ಜಿ ಹತ್ತು ಲಕ್ಷ ಅನ್ನುತ್ತಿದ್ದಳು. ಯಾರೂ ಇಳಿದು ನೋಡಿದವರಲ್ಲ, ಬಿಡಿ.

ಕೆರೆಯ ತೂಬು ತೆಗೆಯುವವನು ಮೋದೀನಸಾಬ. ಸೂರ್ಯ ಹುಟ್ಟುವಾಗ ತೂಬು ತೆಗೆಯುತ್ತಿದ್ದ, ಸೂರ್ಯ ನೆತ್ತಿಗೆ ಬಂದಾಗ ಮುಚ್ಚುತ್ತಿದ್ದ. ಅಷ್ಟರೊಳಗೆ ಏಳು ಪೇಟೆಯ ಕಲ್ಲುತೊಟ್ಟಿಗಳೂ ತುಂಬಬೇಕು. ಮಧ್ಯಾಹ್ನದ ಮೇಲೆ ಕೊಳವೆಗಳು ಖಾಲಿ. ಒಂದು ದಿನವೂ ಹೊತ್ತು ತಪ್ಪಿಸಿದವನಲ್ಲ ಮೋದೀನಸಾಬ. ಜ್ವರ ಬಂದರೆ ಕಂಬಳಿ ಹೊದ್ದುಕೊಂಡೇ ತೂಬಿಗೆ ಹೋಗುತ್ತಿದ್ದನಂತೆ.

ಆದರೆ ನಮ್ಮ ಈ ಕರಿ ಮಣ್ಣು ನಿಮಗೆ ಗೊತ್ತಲ್ಲ? ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಹೊಟ್ಟೆಯಲ್ಲಿರುವ ಕೊಳವೆ ಎಷ್ಟು ದಿನ ತಾಳೀತು? ಒಂದು ಕಡೆ ಬಿರುಕು ಬಿಟ್ಟರೆ ನೀರೆಲ್ಲ ಅಲ್ಲೇ ಇಂಗಿಹೋಗುತ್ತದೆ, ಮೇಲೆ ತೇವವೂ ಕಾಣುವುದಿಲ್ಲ. ಕೊನೆಯ ಓಣಿಯ ತೊಟ್ಟಿ ಬತ್ತಿದಾಗಲೇ ಊರಿಗೆ ಗೊತ್ತಾಗುವುದು. ಗೊತ್ತಾದ ಮೇಲೆ ಎಲ್ಲಿ ಅಗೆಯಬೇಕು? ಅದನ್ನು ಹೇಳುತ್ತಿದ್ದವಳು ಸಕ್ರೆವ್ವ.

ಕುಂಬಾರ ಓಣಿಯ ಸಕ್ರೆವ್ವ ಅಂತೆ. ಗಂಡ ಬೇಗ ಸತ್ತ, ಒಬ್ಬನೇ ಮಗ. ಮಡಕೆ ಕೊಳ್ಳುವಾಗ ನೀವು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತೀರಲ್ಲ, ಠಣ್ ಅಂದರೆ ಗಟ್ಟಿ, ಠಸ್ ಅಂದರೆ ಒಡಕು. ಅವಳು ತಟ್ಟಬೇಕಾಗಿಯೂ ಇರಲಿಲ್ಲವಂತೆ. ಸಾಲಾಗಿಟ್ಟ ಮಡಕೆಗಳ ಪಕ್ಕ ನಡೆದುಹೋದರೆ ಸಾಕು, ಗಾಳಿಗೆ ಅವು ಅನ್ನುವ ಸದ್ದಿನಲ್ಲೇ ಒಡಕು ಯಾವುದೆಂದು ಹೇಳುತ್ತಿದ್ದಳಂತೆ. ಇಷ್ಟು ನಾನು ನಂಬುವುದಿಲ್ಲ. ಆದರೆ ಕೊಳವೆಯ ಮಾತು ನಂಬುತ್ತೇನೆ. ಮಡಕೆ ತಟ್ಟುವ ಕಟ್ಟಿಗೆಯ ಹಲಗೆ ಅವಳ ಕೈಯಲ್ಲಿರುತ್ತಿತ್ತು. ಅದರ ಅಗಲ ತುದಿಯನ್ನು ನೆಲಕ್ಕೂರಿ, ಹಿಡಿಕೆಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಕೂರುತ್ತಿದ್ದಳು. ಎರಡು ಹೆಜ್ಜೆ ಮುಂದೆ ಹೋಗಿ ಮತ್ತೆ ಕೂರುತ್ತಿದ್ದಳು. ಆಮೇಲೆ ಹಲಗೆಯಿಂದ ನೆಲಕ್ಕೊಂದು ಪೆಟ್ಟು ಕೊಟ್ಟು, ಇಲ್ಲಿ ಅಗೆಯಿರಿ ಅನ್ನುತ್ತಿದ್ದಳು. ಅಗೆದರೆ ಗೇಣು ಆಚೆಗಿಲ್ಲ, ಗೇಣು ಈಚೆಗಿಲ್ಲ.

ಅವಳು ಹಲಗೆ ಹಿಡಿದು ಓಣಿಗೆ ಬಂದಳೆಂದರೆ ಊರು ಉಸಿರು ಹಿಡಿಯುತ್ತಿತ್ತಂತೆ. ಬೀಸುಕಲ್ಲು ನಿಲ್ಲುತ್ತಿತ್ತು, ಒನಕೆ ನಿಲ್ಲುತ್ತಿತ್ತು, ಕಮ್ಮಾರ ಸುತ್ತಿಗೆ ಕೆಳಗಿಡುತ್ತಿದ್ದ. ಹೆಂಗಸರು ಸದ್ದಾಗದಂತೆ ಒಂದು ಕೈಯಿಂದ ಇನ್ನೊಂದು ಕೈಯ ಬಳೆ ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದರು. ಒಮ್ಮೆ ಮೂರು ಓಣಿಯ ತೊಟ್ಟಿ ಒಟ್ಟಿಗೇ ಬತ್ತಿದಾಗ ಅವಳು ನೇರವಾಗಿ ಗರಡಿಮನೆಗೆ ನಡೆದಳಂತೆ. ಅಲ್ಲಿಯ ಪೈಲ್ವಾನರು ತಮ್ಮ ಅಖಾಡದ ಮಣ್ಣು ಹನಿ ನೀರು ಹಾಕದೆಯೇ ಮೆತ್ತಗಾಗಿದೆ, ಇದು ದೇವರ ಕೃಪೆ ಅಂತ ತಿಂಗಳಿಂದ ತೆಂಗಿನಕಾಯಿ ಒಡೆಯುತ್ತಿದ್ದರು. ದೇವರ ಕೃಪೆಯನ್ನು ಅಗೆಸಿ, ಹೊಸ ಕೊಳವೆ ಹಾಕಿಸಿ, ಸಕ್ರೆವ್ವ ಮನೆಗೆ ಹೋಗಿ ರೊಟ್ಟಿ ಬಡಿದಳಂತೆ.

ಮಗನ ಹೆಸರು ಈರಬಸ. ಒಡೆದ ಕೊಳವೆಯ ಜಾಗಕ್ಕೆ ಹೊಸದನ್ನು ತಿಗರಿಯ ಮೇಲೆ ಮಾಡಿಕೊಡುತ್ತಿದ್ದ ಕುಂಬಾರರಲ್ಲಿ ಅವನೂ ಒಬ್ಬ. ಒಬ್ಬೊಬ್ಬ ಕುಂಬಾರನೂ ತನ್ನ ಕೊಳವೆಯ ಅಗಲ ಬಾಯಿಯ ಹತ್ತಿರ ಹಸಿಯಿದ್ದಾಗ ಹೆಬ್ಬೆರಳು ಒತ್ತುವುದು ರೂಢಿ. ಯಾರ ಕೊಳವೆ ಒಡೆಯಿತು ಅಂತ ತಿಳಿಯಬೇಕಲ್ಲ. ಈರಬಸನ ಹೆಬ್ಬೆರಳನ್ನು ಚಿಕ್ಕಂದಿನಲ್ಲಿ ಕುಡಗೋಲು ಕಡಿದಿತ್ತು. ಅವನ ಗುರುತು ಅರ್ಧ ಚಂದ್ರ. ಅವನು ಒಂದು ದಿನ ಕೆರೆಯಂಚಿನಲ್ಲಿ ಜಿಗಟು ಮಣ್ಣು ತೋಡಲು ಗುಂಡಿಗಿಳಿದ. ಗುಂಡಿ ಕುಸಿಯಿತು. ನೆಲದೊಳಗಿನ ಹನಿ ನೀರಿನ ಸದ್ದು ಕೇಳುವ ಸಕ್ರೆವ್ವನಿಗೆ, ನೆಲದೊಳಗೆ ಮಗ ಕೂಗಿದ್ದು ಕೇಳಲಿಲ್ಲ. ಅವಳು ಆಗ ಇನ್ನೊಂದು ಪೇಟೆಯಲ್ಲಿ ಹಲಗೆ ಊರಿ ಕೂತಿದ್ದಳಂತೆ. ಈ ಮಾತು ಹೇಳುವಾಗ ನನ್ನ ಅಜ್ಜಿ ಪ್ರತಿ ಸಲವೂ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

ಮಗ ಹೋದ ಮೇಲೆ ವರ್ಷಗಳು ಕಳೆದವು. ಈರಬಸ ಮಾಡಿದ ಕೊಳವೆಗಳು ಒಂದೊಂದಾಗಿ ಒಡೆದವು, ಆ ಜಾಗಕ್ಕೆ ಬೇರೆ ಕುಂಬಾರರ ಕೊಳವೆ ಬಂದವು. ಕೊನೆಗೆ ಒಂದು ಉಳಿಯಿತು. ಕೆಳಗಿನ ಓಣಿಯ ಬೇವಿನ ಗಿಡದ ಬುಡದಲ್ಲಿ, ಬಚ್ಚಲ ನೀರು ಹರಿಯುವ ಕಾಲುವೆಯ ಪಕ್ಕದಲ್ಲಿ ಅದು ಇತ್ತು. ಸಕ್ರೆವ್ವ ದಿನಾ ಬೆಳಿಗ್ಗೆ ತೂಬು ತೆಗೆದ ಹೊತ್ತಿಗೆ ಅಲ್ಲಿಗೆ ಬಂದು ಹಲಗೆ ಊರಿ ಕೂರುತ್ತಿದ್ದಳು. ಮಗನ ಕೈಯಿಂದಾದ ಮಣ್ಣಿನೊಳಗೆ ನೀರು ಹರಿಯುವ ಸದ್ದು ಕೇಳಿ, ಸೆರಗು ಸರಿಮಾಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು.  

ಒಂದು ಬೆಳಿಗ್ಗೆ ಆ ಸದ್ದಿನೊಳಗೆ ಇನ್ನೊಂದು ಸದ್ದು ಕೇಳಿತಂತೆ. ಸಣ್ಣಗೆ, ಸೂಜಿಯಷ್ಟು ಸಣ್ಣಗೆ, ಸ್ಸ್ ಅಂತ.

ಅವಳಿಗೆ ತಿಳಿಯಿತು. ತಿಳಿಯದೇ ಇರುತ್ತದೆಯೇ? ಬೇರೆ ಯಾರ ಕೊಳವೆಯಾಗಿದ್ದರೂ ಉಣ್ಣುವ ಹೊತ್ತಿಗೆ ಅಗೆಸಿ ತೆಗೆಸಿರುತ್ತಿದ್ದಳು. ಆದರೆ ತೆಗೆಯಬೇಕೆಂದರೆ ಒಡೆಯಬೇಕು. ಆಗಲೇ ಹೇಳಿದೆನಲ್ಲ? ಅವಳು ತನಗೆ ತಾನೇ ಹೇಳಿಕೊಂಡಳಂತೆ, ಕೂದಲೆಳೆಯಷ್ಟು ಬಿರುಕು, ನಾಲ್ಕು ಹನಿ ಹೋದರೆ ಹೋಯಿತು, ಬೇವಿನ ಗಿಡವಾದರೂ ಕುಡಿದೀತು. ಎದ್ದು ಮನೆಗೆ ಹೋದಳು. ಮರುದಿನ ಮತ್ತೆ ಬಂದು ಕೇಳಿದಳು. ಮೂರನೆಯ ದಿನದ ಹೊತ್ತಿಗೆ ಆ ಸ್ಸ್ ಅನ್ನುವುದೂ ಮಗನ ಉಸಿರೇ ಅನ್ನಿಸತೊಡಗಿತಂತೆ.

ಆ ವರ್ಷ ಮಳೆಗಾಲ ಮುಗಿಯುವಾಗ ಕೆಳಗಿನ ಓಣಿಗೆ ವಾಂತಿಭೇದಿ ಬಂತು. ಮೊದಲು ಒಬ್ಬ ನೇಕಾರ ಹೋದ, ಆಮೇಲೆ ಅವನ ತಾಯಿ. ವಾರದೊಳಗೆ ಒಂಬತ್ತು ಹೆಣ ಎದ್ದವು. ನೀರಿನಲ್ಲೇ ಏನೋ ಇದೆ ಅಂತ ಜನ ಮಾತಾಡಿಕೊಂಡರು. ಊರಿನ ಹಿರಿಯರು ಸಕ್ರೆವ್ವನ ಮನೆಗೆ ಬಂದು, ಕೊಳವೆಗೆ ಎಲ್ಲಾದರೂ ಹೊಲಸು ಸೇರುತ್ತಿದೆಯೇ ನೋಡಬೇಕು ತಾಯಿ ಅಂತ ಕೈಮುಗಿದರಂತೆ. ಮೂರು ದಿನ ಸಕ್ರೆವ್ವ ಹಲಗೆ ಹಿಡಿದು ಸುತ್ತಿದಳು. ಮೂರು ದಿನವೂ ತೂಬು ತೆಗೆದ ಹೊತ್ತಿನಲ್ಲಿ ಏಳು ಪೇಟೆ ಬೀಸುಕಲ್ಲು ನಿಲ್ಲಿಸಿ, ಬಳೆ ಹಿಡಿದು ನಿಂತಿತು. ನಾಲ್ಕು ಕಡೆ ಸೋರಿಕೆ ಹಿಡಿದಳು, ನಾಲ್ಕೂ ಕಡೆ ಹೊಸ ಕೊಳವೆ ಹಾಕಿಸಿದಳು. ಬೇವಿನ ಗಿಡದ ಹತ್ತಿರವೂ ಹಲಗೆ ಊರಿದಳು. ಎದ್ದಳು. ಮುಂದೆ ನಡೆದಳು.

ಮೋದೀನಸಾಬ ಅವಳ ಜೊತೆಗೇ ಇದ್ದ. ಅವನಿಗೆ ಊರಿನ ಚಿಂತೆಯಷ್ಟೇ ಅಲ್ಲ, ಮನೆಯ ಚಿಂತೆಯೂ ಇತ್ತು. ಅವನ ಮನೆ ಕೆಳಗಿನ ಓಣಿಯಲ್ಲೇ. ಮಗಳು ಮಾಲನಬಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ಹೆಣ್ಣು ಕೂಸು ಹುಟ್ಟಿ ಹದಿನೈದು ದಿನ ಆಗಿತ್ತು. ಮೋದೀನಸಾಬನ ಹೆಂಡತಿ ತೀರಿಹೋಗಿದ್ದಳಾದ್ದರಿಂದ ಬಾಣಂತಿಗೆ ಎರೆಯುತ್ತಿದ್ದವಳು, ಕೂಸಿಗೆ ಎಣ್ಣೆ ತಿಕ್ಕುತ್ತಿದ್ದವಳು ಸಕ್ರೆವ್ವನೇ. ಮಾಲನಬಿ ಅವಳನ್ನು ದೊಡ್ಡವ್ವ ಅನ್ನುತ್ತಿದ್ದಳಂತೆ. ರೋಗ ಬಂದಾಗಿನಿಂದ ಮೋದೀನಸಾಬ ಮಗಳಿಗೆ ತೊಟ್ಟಿಯ ನೀರು ಕೊಡದೆ, ಹರದಾರಿ ದೂರದ ಮೆಟ್ಟಿಲ ಬಾವಿಯಿಂದ ಹೊತ್ತು ತರುತ್ತಿದ್ದ. ತೂಬಿನ ಕೆಲಸ ಮುಗಿಸಿ, ಬಿಸಿಲಲ್ಲಿ ನಡೆದು, ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದು ತರುತ್ತಿದ್ದ.

ಮೂರನೆಯ ದಿನ ಎಲ್ಲ ಮುಗಿದ ಮೇಲೆ ಅವನು ಕೇಳಿದ.

"ಅಕ್ಕಾ, ಬೇವಿನ ಗಿಡದ ಕಡೆ ಏನರೆ ಐತೇನು? ಅಲ್ಲಿ ನೀ ಭಾಳ ಹೊತ್ತು ಕುಂತಿದ್ದಿ."

"ಅಲ್ಲೇನಿಲ್ಲ ತಮ್ಮಾ."

"ಹಂಗಾರ ಮಾಲನಬಿಗೆ ತೊಟ್ಟಿ ನೀರು ಕೊಡ್ಲಿ?"

"ಕೊಡು" ಅಂದಳಂತೆ ಸಕ್ರೆವ್ವ.

ಒಂದೇ ಮಾತು. ಸಕ್ರೆವ್ವ ಇಲ್ಲ ಅಂದರೆ ಇಲ್ಲ, ಇದೆ ಅಂದರೆ ಇದೆ. ಅವಳ ಮಾತಿನ ಮೇಲೆ ಊರು ನೆಲ ಅಗೆಯುತ್ತಿತ್ತು, ಮೋದೀನಸಾಬ ಮಗಳಿಗೆ ನೀರು ಕೊಡದೇ ಇರುತ್ತಾನೆಯೇ?

ಅವಳು ಸುಳ್ಳು ಹೇಳಿದಳೇ ಅಂತ ನೀವು ಕೇಳಬಹುದು. ಅವಳ ಲೆಕ್ಕದಲ್ಲಿ ಆ ಬಿರುಕಿನಿಂದ ನೀರು ಹೊರಗೆ ಹೋಗುತ್ತಿತ್ತು. ಹೊರಗೆ ಚಿಮ್ಮುವ ಬಾಯಿಯಿಂದ ಹೊಲಸು ಒಳಗೆ ಹೇಗೆ ಬಂದೀತು? ಆಯುಷ್ಯವಿಡೀ ಅವಳು ಹರಿಯುವ ನೀರನ್ನು ಕೇಳಿದವಳು. ತೂಬು ಮುಚ್ಚಿ ಕೊಳವೆ ಖಾಲಿಯಾದ ಮೇಲೆ ಅವಳೂ ಕಿವಿ ಇಟ್ಟಿರಲಿಲ್ಲ, ಅವಳಿಗೆ ಈ ಕಸುಬು ಕಲಿಸಿದ ಮಾವನೂ ಇಟ್ಟಿರಲಿಲ್ಲ, ಆ ಕಸುಬಿನವರು ಯಾರೂ ಇಟ್ಟಿರಲಿಲ್ಲ. ಸದ್ದಿಲ್ಲದ ಕೊಳವೆಗೆ ಯಾರು ಕಿವಿ ಇಡುತ್ತಾರೆ? ಗೊತ್ತಿಲ್ಲದ್ದಕ್ಕೆ ನಾನು ಅವಳನ್ನು ಬಿಟ್ಟುಬಿಡುತ್ತೇನೆ. ಆದರೆ ಅಲ್ಲೇನಿಲ್ಲ ಅಂದಳಲ್ಲ, ಅದಕ್ಕೆ ಏನು ಹೇಳಲಿ? ಇತ್ತು. ಅವಳಿಗೆ ಕೇಳಿಸಿತ್ತು.

ಎರಡು ದಿನಕ್ಕೆ ಮಾಲನಬಿ ಮಲಗಿದಳು. ಸಕ್ರೆವ್ವ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿ ಕುಡಿಸಿದಳು, ಕುಡಿದದ್ದು ನಿಲ್ಲಲಿಲ್ಲ. ನೀರು ನೀರು ಅಂತ ಮಾಲನಬಿ ಬೇಡಿದಳಂತೆ. ಬೇಡಿದಾಗೆಲ್ಲ ಕೊಟ್ಟರು, ಅದೇ ತೊಟ್ಟಿಯ ನೀರನ್ನೇ ಕೊಟ್ಟರು. ಮಾರನೆಯ ದಿನ ಬಿಸಿಲೇರುವ ಮೊದಲೇ ಹೋಗಿಬಿಟ್ಟಳು. ಇಪ್ಪತ್ತು ತುಂಬಿರಲಿಲ್ಲವಂತೆ.

ಮೋದೀನಸಾಬ ಆವತ್ತೂ ತೂಬು ತೆಗೆದಿದ್ದ. ನೆತ್ತಿಯ ಹೊತ್ತಿಗೆ ಹೋಗಿ ಮುಚ್ಚಿಯೂ ಬಂದ. ಆಮೇಲೆ ಮಗಳನ್ನು ಮಣ್ಣಿಗೆ ಒಯ್ದರು. ಓಣಿಯೆಲ್ಲ ಅವನ ಹಿಂದೆ ಹೋಯಿತು. ಓಣಿ ಖಾಲಿಯಾದಾಗ ಸಕ್ರೆವ್ವ ಒಬ್ಬಳೇ ಬೇವಿನ ಗಿಡದ ಹತ್ತಿರ ಬಂದಳು. ಯಾಕೆ ಬಂದಳೋ, ಮಗನ ಹತ್ತಿರ ಅಳಲು ಬಂದಳೋ ಏನೋ. ಹಲಗೆ ಊರಿ ಹಿಡಿಕೆಗೆ ಕಿವಿ ಹಚ್ಚಿದಳು. ಕೊಳವೆಯಲ್ಲಿ ನೀರಿರಲಿಲ್ಲ. ಆದರೆ ಸದ್ದಿತ್ತು. ಖಾಲಿಯಾದ ಕೊಳವೆ ಆ ಕೂದಲೆಳೆ ಬಿರುಕಿನಿಂದ ಬಚ್ಚಲ ಕಾಲುವೆಯ ನೀರನ್ನು ಒಳಗೆಳೆಯುತ್ತಿತ್ತು. ಗುಟುಕು, ಗುಟುಕು, ಬಾಯಾರಿದವರು ಕುಡಿದ ಹಾಗೆ. ದಿನಾ ಮಧ್ಯಾಹ್ನದಿಂದ ಮರುದಿನ ಬೆಳಗಿನ ತನಕ ಅದು ಕುಡಿಯುತ್ತಿತ್ತು, ತೂಬು ತೆಗೆದಾಗ ಕುಡಿದದ್ದನ್ನೆಲ್ಲ ತೊಟ್ಟಿಗೆ ಕೊಡುತ್ತಿತ್ತು.

ಮಣ್ಣಿನಿಂದ ಹಿಂತಿರುಗಿದ ಜನ ಕಂಡದ್ದು ಇದು. ಸಕ್ರೆವ್ವ ಗುದ್ದಲಿಯಿಂದ ತಾನೇ ಅಗೆದ ಗುಂಡಿಯಲ್ಲಿ ಸೊಂಟದ ತನಕ ನಿಂತಿದ್ದಳು. ಗಾರೆಯನ್ನು ಉಳಿಯಿಂದ ಕೆತ್ತುತ್ತಿದ್ದಳು. ಇಡಿಯಾಗಿ ತೆಗೆಯಬೇಕೆಂದು ನೋಡಿದಳು, ಆಗಲಿಲ್ಲ. ಕೊಳವೆ ಚೂರುಚೂರಾಗಿ ಬಂತು. ಅರ್ಧ ಚಂದ್ರದ ಗುರುತಿದ್ದ ಅಂಗೈಯಗಲದ ಒಂದು ಚೂರು ಮಾತ್ರ ಉಳಿಯಿತು. ಅವಳು ಅದನ್ನು ಮೋದೀನಸಾಬನ ಕಾಲ ಬಳಿ ಇಟ್ಟು, ಎಲ್ಲರೆದುರು ಎಲ್ಲವನ್ನೂ ಹೇಳಿದಳಂತೆ. ಮೊದಲ ಬೆಳಿಗ್ಗೆಯ ಸ್ಸ್ ಅನ್ನುವ ಸದ್ದಿನಿಂದ ಹಿಡಿದು ಹೇಳಿದಳು. ಒಂದನ್ನೂ ಬಿಡಲಿಲ್ಲ.

ಮೋದೀನಸಾಬ ಬಗ್ಗಿ ಆ ಚೂರಿನ ಮೇಲಿನ ಗುರುತನ್ನು ಮುಟ್ಟಿ ನೋಡಿದ.

"ನಿನ್ನ ಮಗನ ಬೆರಳರೆ ನಿನಗ ಉಳಿತು ಅಕ್ಕಾ. ನನ್ನ ಮಗಳದು ನನಗ ಏನುಳಿತು?"

ಅಷ್ಟು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಒಳಗೆ ಕೂಸು ಅಳುತ್ತಿತ್ತು. ದಿನಾ ಆ ಅಳು ಕೇಳಿದರೆ ಓಡುತ್ತಿದ್ದವಳು ಆವತ್ತು ಹೊಸ್ತಿಲು ದಾಟಲಿಲ್ಲ.

ಆಮೇಲೆ ಸಕ್ರೆವ್ವ ಕಿವಿಗೆ ಹಸಿ ಮಣ್ಣು ತುಂಬಿಕೊಂಡು ಅಲೆಯುತ್ತಾ ಹೋದಳು ಅಂತ ಕೆಲವರು ಹೇಳುತ್ತಾರೆ. ಕೆರೆಗೆ ಹಾರಿದಳು ಅಂತ ಇನ್ನು ಕೆಲವರು. ಎರಡೂ ಸುಳ್ಳು. ಊರಿಗೆ ಸಿಹಿನೀರಿರುವುದೇ ಆ ಕೆರೆಯಲ್ಲಿ, ಅದರಲ್ಲಿ ಹೆಣ ತೇಲಿಸುವಂಥ ಹೆಂಗಸಲ್ಲ ಅವಳು. ನಡೆದದ್ದು ನಮ್ಮ ಮನೆಯವರಿಗೆ ಗೊತ್ತು, ನಾನು ಹೇಳುತ್ತೇನೆ ಕೇಳಿ.

ಹಳೆ ಮಡಕೆಯ ಚೂರನ್ನು ಕುಟ್ಟಿ ಪುಡಿ ಮಾಡಿ ಹಸಿ ಮಣ್ಣಿಗೆ ಬೆರೆಸುವುದು ಕುಂಬಾರರ ಪದ್ಧತಿ. ಹಾಗೆ ಮಾಡಿದರೆ ಹೊಸದು ಬಿರಿಯುವುದಿಲ್ಲ. ಸಕ್ರೆವ್ವ ಮಗನ ಬೆರಳಿನ ಗುರುತಿದ್ದ ಆ ಚೂರನ್ನು ಒರಳಿಗೆ ಹಾಕಿ ಕುಟ್ಟಿದಳಂತೆ. ಆ ಪುಡಿ ಬೆರೆಸಿ, ತಿಗರಿಯಿಲ್ಲದೆ ಕೈಯಲ್ಲೇ ತಟ್ಟಿ, ಒಂದು ಮಣ್ಣಿನ ತಂಬಿಗೆ ಮಾಡಿ ಸುಟ್ಟಳು. ಮರುದಿನದಿಂದ ತೂಬು ತೆಗೆಯುವ ಹೊತ್ತಿಗೆ ಅವಳು ಕೆಳಗಿನ ಓಣಿಯ ತೊಟ್ಟಿಯ ಹತ್ತಿರ ಇರುತ್ತಿದ್ದಳು. ಏಳು ಪೇಟೆಯ ಕೊಳವೆಗಳನ್ನೆಲ್ಲ ಹಾದು ಕೊನೆಗೆ ನೀರು ಬರುವುದು ಆ ತೊಟ್ಟಿಗೇ. ಬಂದ ಮೊದಲ ನೀರನ್ನು ಆ ತಂಬಿಗೆಯಲ್ಲಿ ಹಿಡಿದು ಅವಳು ಕುಡಿಯುತ್ತಿದ್ದಳು. ಕುಡಿದು ಅಲ್ಲಿದ್ದ ಕಲ್ಲಿನ ಮೇಲೆ ಕೂರುತ್ತಿದ್ದಳು. ಬೆಳಗಿನ ಬಿಸಿಲು ಬೇವಿನ ಗಿಡದ ಬುಡಕ್ಕೆ ಇಳಿಯುವ ತನಕ ಅವಳು ಕೂತಿದ್ದು, ಎದ್ದು ನಿಂತರೆ, ಆಗ ಓಣಿಯವರು ಕೊಡ ಹಿಡಿಯಬೇಕು. ಯಾರೂ ಅವಳಿಗೆ ಇದನ್ನು ಮಾಡು ಅಂದಿರಲಿಲ್ಲ. ಯಾರೂ ಬೇಡ ಅನ್ನಲೂ ಇಲ್ಲ. ಮೊದಮೊದಲು ಕೆಲವರು ಮೂಗು ಮುರಿದರಂತೆ, ಒಬ್ಬಿಬ್ಬರು ಅವಳೆದುರೇ ಉಗುಳಿದರಂತೆ. ಅವಳು ಒರೆಸಿಕೊಂಡು ಕೂತಳು.

ಕಿವಿಯ ಕೆಲಸವನ್ನೂ ಬಿಡಲಿಲ್ಲ. ಈಗ ದಿನಕ್ಕೆರಡು ಸಲ ಹಲಗೆ ಊರುತ್ತಿದ್ದಳು, ನೀರು ಹರಿಯುವಾಗ ಒಮ್ಮೆ, ನೀರು ನಿಂತ ಮೇಲೆ ಒಮ್ಮೆ. ನೀರು ನಿಂತ ಮೇಲೆ ಕೇಳುವುದನ್ನು ನಮ್ಮೂರಿಗೆ ಕಲಿಸಿದವಳು ಅವಳೇ. ಹೀಗೆ ಹನ್ನೆರಡು ವರ್ಷ ನಡೆಯಿತು ಅನ್ನುತ್ತಾರೆ. ಮೋದೀನಸಾಬ ಅವಳ ಜೊತೆ ಮಾತಾಡಲಿಲ್ಲ. ಕೂಸು ಬೆಳೆದು, ಕೊಡ ಹೊರುವಷ್ಟಾಗಿ, ಕಲ್ಲಿನ ಮೇಲೆ ಕೂರುವ ಆ ಮುದುಕಿ ಯಾರು ಅಂತ ಕೇಳಿದಾಗ ಮಾತ್ರ, "ನಮ್ಮ ನೀರು ಕಾಯಾಕಿ" ಅಂದನಂತೆ.

ವಯಸ್ಸಾಯಿತು ಸಕ್ರೆವ್ವನಿಗೆ. ಮೊದಲು ಸಣ್ಣ ಸದ್ದುಗಳು ಹೋದವು, ಆಮೇಲೆ ದೊಡ್ಡವೂ ಹೋದವು. ಹಲಗೆ ಊರಿದರೆ ಕೇಳುತ್ತಿದ್ದದ್ದು ಅವಳದೇ ಉಸಿರು. ಆಗ ಅವಳ ಹತ್ತಿರ ಉಳಿದದ್ದು ಆ ತಂಬಿಗೆಯೊಂದೇ.

ಒಂದು ದಿನ ಅವಳು ಎಂದಿನಂತೆ ಮೊದಲ ನೀರು ಕುಡಿದು ಕಲ್ಲಿನ ಮೇಲೆ ಕೂತಳು. ಬಿಸಿಲು ಗಿಡದ ಬುಡಕ್ಕೆ ಇಳಿಯಿತು. ಜನ ಕೊಡ ಹಿಡಿದು ನಿಂತಿದ್ದರು. ಬಿಸಿಲು ಬುಡ ಬಿಟ್ಟು ಓಣಿಗೆ ಬಂತು. ಸಕ್ರೆವ್ವ ಏಳಲಿಲ್ಲ. ಹೊಟ್ಟೆ ಹಿಡಿದುಕೊಂಡು ಬಾಗಿದ್ದಳು, ಒಂದು ಕೈಯನ್ನು ಅಡ್ಡ ಚಾಚಿದ್ದಳು, ಯಾರೂ ಹತ್ತಿರ ಬರಬೇಡಿ ಅಂತ. ಓಣಿಯಲ್ಲಿ ಯಾರೂ ಒಂದು ಹನಿ ಮುಟ್ಟಲಿಲ್ಲ. ಮೋದೀನಸಾಬನಿಗೆ ಸುದ್ದಿ ಹೋಗಿ, ಅವನು ಹೊತ್ತಿಗೆ ಮೊದಲೇ ತೂಬು ಮುಚ್ಚಿದ. ಆಯುಷ್ಯದಲ್ಲಿ ಅವನು ಹೊತ್ತು ತಪ್ಪಿಸಿದ್ದು ಅದೊಂದೇ ದಿನ. ಊರವರು ಅವಳು ಕಲಿಸಿದ ಹಾಗೆ ನೀರು ನಿಂತ ಕೊಳವೆಗಳಿಗೆ ಕಿವಿಯಿಡುತ್ತಾ ಹೋಗಿ, ದನದ ದೊಡ್ಡಿಯ ಹತ್ತಿರ ಒಡಕು ಹಿಡಿದರು. ಆ ಸಲ ಕೆಳಗಿನ ಓಣಿಯಲ್ಲಿ ಒಂದು ಜೀವವೂ ಹೋಗಲಿಲ್ಲ, ಅವಳದೊಂದು ಬಿಟ್ಟರೆ.

ಅವಳಿಗೆ ಬಾಯಾರಿತ್ತು. ಮೋದೀನಸಾಬ ಕುಂಟುತ್ತಾ ಮೆಟ್ಟಿಲ ಬಾವಿಗೆ ಹೋಗಿ ನೀರು ತಂದನಂತೆ, ಮಗಳಿಗೆ ತರುತ್ತಿದ್ದ ಅದೇ ಕೊಡದಲ್ಲಿ. ಅವಳ ತಲೆ ಎತ್ತಿ ಹಿಡಿದು, "ಕುಡಿಯಕ್ಕಾ, ಇದು ಛಲೋ ನೀರು" ಅಂದ. ಅವಳಿಗೆ ಕೇಳಿಸಲಿಲ್ಲ. ಅವನ ಬಾಯಿ ಅಕ್ಕಾ ಅನ್ನುವುದನ್ನು ನೋಡಿದಳು, ಎರಡು ಗುಟುಕು ಕುಡಿದಳು, ಅಷ್ಟೇ.

ಮರುದಿನ ತೊಟ್ಟಿಗೆ ನೀರು ಬಂದಾಗ ಯಾರೂ ಮುಂದೆ ಹೋಗಲಿಲ್ಲವಂತೆ. ಮೋದೀನಸಾಬ ಅವಳ ಮಣ್ಣಿನ ತಂಬಿಗೆ ತಂದು, ಮೊದಲ ನೀರು ಹಿಡಿದು, ಅವಳು ಕೂರುತ್ತಿದ್ದ ಕಲ್ಲಿನ ಬುಡಕ್ಕೆ ಸುರಿದ. ಆಮೇಲೆ ತಂಬಿಗೆಯನ್ನು ಮೊಮ್ಮಗಳ ಕೈಗೆ ಕೊಟ್ಟ. ಮಾಲನಬಿಯ ಆ ಕೂಸು ಬದುಕಿತು. ನನ್ನ ಮುತ್ತಜ್ಜಿಯ ಮುತ್ತಜ್ಜಿ ಅವಳು. ತಾಯಿಯನ್ನು ಕೊಂದವಳ ಮೇಲೆ ಸಿಟ್ಟು ಬರಲಿಲ್ಲವೇ ಅಂತ ನಾನು ನನ್ನ ಅಜ್ಜಿಯನ್ನು ಕೇಳಿದ್ದೆ. ಬಂದಿತ್ತಂತೆ. ಸಿಟ್ಟು ಇಟ್ಟುಕೊಂಡೇ ಸಾಯುವ ತನಕ ದಿನಾ ನೀರು ಸುರಿದಳಂತೆ.

ಈಗ ಕಬ್ಬಿಣದ ಪೈಪು ಬಂದಿವೆ, ವಾರಕ್ಕೊಮ್ಮೆ ನೀರು ಬಿಡುತ್ತಾರೆ, ಉಳಿದ ಆರು ದಿನ ಪೈಪು ಏನು ಕುಡಿಯುತ್ತದೋ ಯಾರಿಗೆ ಗೊತ್ತು. ಅದಕ್ಕೇ ಈ ಓಣಿಯಲ್ಲಿ ಮೊದಲ ತಂಬಿಗೆಯನ್ನು ಯಾರೂ ಕುಡಿಯುವುದಿಲ್ಲ, ದೇವರಿಗೂ ಇಡುವುದಿಲ್ಲ. ಅದು ಸಕ್ರೆವ್ವನದು. ಬೇವಿನ ಗಿಡ ಹೋಗಿದೆ, ಕಲ್ಲು ಇದೆ. ನಾನು ಕೂತಿರುವುದು ಅದರ ಪಕ್ಕದಲ್ಲೇ.

ನಳ ಸೂಂ ಅಂತು, ಕೇಳಿಸಿತೇ? ಎದ್ದೇಳಿ. ಬಾ ತಂಗಿ, ಹೊಸಬಳು ನೀನು, ಇವತ್ತು ನೀನೇ ಸುರಿ. ಮೊದಲು ಬಳೆ ಹಿಡಿದುಕೋ.